ಮುದ್ದೆ ಬಿಡುವ ಮುನ್ನ ಓದಬೇಕಾದದ್ದು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದ್ದರೂ ಶಾಲೆಗಳ ಲೆಕ್ಕದಲ್ಲಿ ಬೇರೆಯೇ ಒಂದು ಜಿಲ್ಲೆ. ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂಬ ಈ ಹೆಸರು ಹೊರಗಿನವರ ಕಿವಿಗೆ ಬೀಳುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಾತ್ರ. ಊಟದ ಲೆಕ್ಕದಲ್ಲಿಯೂ ನಾಲ್ಕೂ ತಾಲ್ಲೂಕು ಒಂದೇ: ರಾಗಿ ಮುದ್ದೆ, ಹುರುಳಿ ಸಾರು, ಕಾಲಕ್ಕೆ ಅವರೆ, ಹೊಲದ ಬದುವಿನ ಬೆರಕೆ ಸೊಪ್ಪು, ಕಡಲೆಕಾಯಿ ಚಟ್ನಿ.

ಇಂಥ ಮನೆಯ ಯಜಮಾನನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನದಿಂದ ಸಲಹೆಗಳ ಸುರಿಮಳೆ ಶುರುವಾಗುತ್ತದೆ. ಅನ್ನ ಬಿಟ್ಟು ಎರಡು ಮುದ್ದೆ ಉಣ್ಣಿ ಎನ್ನುತ್ತಾರೆ ನೆಂಟರು. ಮುದ್ದೆಯನ್ನೂ ಬಿಡಿ, ಪಿಷ್ಟವೇ ಶತ್ರು ಎನ್ನುತ್ತದೆ ಮೊಬೈಲು. ಕೊನೆಗೆ ಪಿಯುಸಿ ಓದುವ ಮಗಳ ಕೈಗೆ ಫೋನು ಕೊಟ್ಟು, ‘ಇದೇನೋ ನೋಡಿ ಹೇಳಮ್ಮ’ ಎನ್ನುವುದು ಈಗ ಎಲ್ಲ ಮನೆಗಳ ಮಾತು. ಮಗಳು ಓದಬೇಕಾದದ್ದು ಫೋನಿನಲ್ಲಿ ಬಂದ ಸಂದೇಶವನ್ನಲ್ಲ. ಅಂಕಿಗಳೇ ತುಂಬಿರುವ, ಕಥೆಯೇ ಇಲ್ಲದ ಒಂದು ಪುಸ್ತಕವನ್ನು.

ಅದರ ಹುಟ್ಟು ಕೂನೂರಿನಲ್ಲಿ. ಅಲ್ಲಿನ ಪೋಷಣಾ ಪ್ರಯೋಗಾಲಯದಿಂದ 1937ರಲ್ಲಿ ಡಬ್ಲ್ಯು.ಆರ್. ಅಕ್ರಾಯ್ಡ್ ಎಂಬ ವೈದ್ಯ ವಿಜ್ಞಾನಿ ಭಾರತದ ಆಹಾರಗಳಲ್ಲಿ ಏನೇನು ಸತ್ವವಿದೆ ಎಂಬ ಸಣ್ಣ ಪುಸ್ತಿಕೆಯೊಂದನ್ನು ಹೊರತಂದರು. ಪ್ರಯೋಗಾಲಯ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಸಿ. ಗೋಪಾಲನ್ ಮತ್ತು ಸಂಗಡಿಗರ ಕೈಯಲ್ಲಿ ಪುಸ್ತಿಕೆಯೂ ಬೆಳೆದು ‘ನ್ಯೂಟ್ರಿಟಿವ್ ವ್ಯಾಲ್ಯೂ ಆಫ್ ಇಂಡಿಯನ್ ಫುಡ್ಸ್’ ಆಯಿತು. ಗೃಹವಿಜ್ಞಾನದ ವಿದ್ಯಾರ್ಥಿನಿಯರಿಗೆ ಇದು ಚಿರಪರಿಚಿತ. ಇಂಗ್ಲಿಷಿನಲ್ಲಿದೆ ಎಂದು ಹೆದರಬೇಕಾಗಿಲ್ಲ. ಧಾನ್ಯದ ಹೆಸರು, ಅದರ ಮುಂದೆ ಅಂಕಿ, ಇಷ್ಟೇ.

ನೂರು ಗ್ರಾಂ ಅಕ್ಕಿಯಲ್ಲಿ 78.2 ಗ್ರಾಂ ಶರ್ಕರಪಿಷ್ಟ ಎನ್ನುತ್ತದೆ ಈ ಪಟ್ಟಿ. ಸರಿ, ಗೊತ್ತಿದ್ದದ್ದೇ. ಬೆರಳು ಕೆಳಗಿಳಿಸಿ ರಾಗಿಯ ಸಾಲಿಗೆ ಬಂದರೆ ಅಲ್ಲಿ ಇರುವುದು 72. ಅನ್ನಕ್ಕೂ ಮುದ್ದೆಗೂ ಅಜಗಜಾಂತರ ಎಂದು ನಂಬಿದವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. 2017ರಲ್ಲಿ ಇದೇ ಸಂಸ್ಥೆ ಹೊಸದಾಗಿ ಅಳೆದು ಪ್ರಕಟಿಸಿದ ಪಟ್ಟಿಯಲ್ಲಿ ನಾರಿನಂಶವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಬೇರ್ಪಡಿಸಿದ್ದರಿಂದ ರಾಗಿಯ ಅಂಕಿ 67ರ ಹತ್ತಿರಕ್ಕೆ ಇಳಿದಿದೆ. ಆದರೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಹಳೆಯ ಪಟ್ಟಿಯ ಪ್ರಕಾರ ಸಾಮೆಯಲ್ಲಿ 67, ನವಣೆಯಲ್ಲಿ 60.9. ‘ಸಿರಿಧಾನ್ಯವೆಂದರೆ ಸಕ್ಕರೆಯಿಲ್ಲದ ಧಾನ್ಯ’ ಎಂಬ ಮಾತಿಗೆ ಈ ಪುಟದಲ್ಲಿ ಎಲ್ಲಿಯೂ ಆಧಾರವಿಲ್ಲ.

ಮನೆಯಲ್ಲೇ ಮಾಡಬಹುದಾದ ಲೆಕ್ಕವೊಂದಿದೆ. ಒಂದು ಕೆ.ಜಿ. ಹಿಟ್ಟು ಎಷ್ಟು ಮುದ್ದೆಗೆ ಬಂತೆಂದು ಮಕ್ಕಳು ಎಣಿಸಲಿ. ಹತ್ತಾದರೆ ಒಂದಕ್ಕೆ ನೂರು ಗ್ರಾಂ ಹಿಟ್ಟು, ಅಂದರೆ 72 ಗ್ರಾಂ ಪಿಷ್ಟ. ಎಸರಿನ ನೀರು ಮುದ್ದೆಯನ್ನು ದಪ್ಪ ಮಾಡುತ್ತದೆಯೇ ಹೊರತು ಪಿಷ್ಟವನ್ನು ಕರಗಿಸುವುದಿಲ್ಲ. ಎರಡು ಮುದ್ದೆ ಉಂಡು ‘ಅನ್ನ ಮುಟ್ಟಲಿಲ್ಲ’ ಎಂದು ನೆಮ್ಮದಿಯಿಂದ ಕೈ ತೊಳೆಯುವವರು 144 ಗ್ರಾಂ ಪಿಷ್ಟ ಉಂಡಿರುತ್ತಾರೆ. ಬಿಸಿಲಲ್ಲಿ ಗುದ್ದಲಿ ಹಿಡಿದು ದುಡಿದ ಅಜ್ಜನಿಗೆ ಅದು ಅರಗಿತು. ಕುರ್ಚಿಯಲ್ಲಿ ಕೂತು ದುಡಿಯುವ ಮೊಮ್ಮಗನಿಗೂ ಅರಗಬೇಕೆಂದಿಲ್ಲ.

ಹಾಗಾದರೆ ರಾಗಿಯನ್ನು ಕನಕದಾಸರು ಹೊಗಳಿದ್ದು ಸುಳ್ಳೇ? ‘ರಾಮಧಾನ್ಯ ಚರಿತೆ’ಯನ್ನು ಇದೇ ಸಂದರ್ಭದಲ್ಲಿ ಮತ್ತೊಮ್ಮೆ ಓದುವುದು ಒಳ್ಳೆಯದು. ಅಲ್ಲಿ ಭತ್ತಕ್ಕೂ ನರೆದಲಗ ಎನಿಸಿಕೊಂಡ ರಾಗಿಗೂ ತಾನು ಹೆಚ್ಚು ತಾನು ಹೆಚ್ಚು ಎಂದು ಜಗಳ ಹತ್ತಿದಾಗ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಭತ್ತ ಸೊರಗುತ್ತದೆ, ರಾಗಿ ಕೆಡದೆ ಉಳಿದು ರಾಮನಿಂದ ರಾಘವನೆಂಬ ಹೆಸರು ಪಡೆಯುತ್ತದೆ. ಅಲ್ಲಿ ಪರೀಕ್ಷೆಗೆ ಬಂದದ್ದು ಧಾನ್ಯದ ಬಾಳಿಕೆ ಮತ್ತು ಬಡವನ ಪರವಾದ ನ್ಯಾಯ. ಸಕ್ಕರೆ ಕಾಯಿಲೆಯ ಔಷಧಿ ಚೀಟಿಯನ್ನು ಅದರಲ್ಲಿ ಹುಡುಕಿದರೆ ತಪ್ಪು ಕಾವ್ಯದ್ದಲ್ಲ.

ಅದೇ ಪಟ್ಟಿಯಲ್ಲಿ ಇನ್ನೂ ಒಂದು ಅಂಕಣ ಓದದೆ ಪುಸ್ತಕ ಮುಚ್ಚಬಾರದು. ಅದು ಕ್ಯಾಲ್ಸಿಯಂ, ಅಂದರೆ ಸುಣ್ಣದಂಶ. ನೂರು ಗ್ರಾಂ ಅಕ್ಕಿಯಲ್ಲಿ 10 ಮಿಲಿಗ್ರಾಂ, ರಾಗಿಯಲ್ಲಿ 344. ಇಲ್ಲಿ ಪಾವಗಡದ ನೀರಿನ ಮಾತು ಬರುತ್ತದೆ. ಆ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ದಶಕಗಳಿಂದ ಗೊತ್ತಿರುವ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಈ ಅಂಶ ಮೀರಿದಾಗ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ದೊಡ್ಡವರ ಮೂಳೆ ಕೀಲು ಬಿಗಿಯುತ್ತವೆ. ಊಟದಲ್ಲಿ ಸುಣ್ಣದಂಶ ಕಡಿಮೆಯಾದಷ್ಟೂ ಇದರ ಹಾವಳಿ ಹೆಚ್ಚು. ಆದ್ದರಿಂದ ಎಲ್ಲೋ ದೂರದಲ್ಲಿ ಬ್ರೆಡ್ಡು ತಿನ್ನುವವರಿಗಾಗಿ ಬರೆದ ಪುಸ್ತಕವನ್ನು ನಂಬಿ ಇಲ್ಲಿ ಮುದ್ದೆಯನ್ನು ಪೂರ್ತಿ ಬಿಟ್ಟರೆ, ಹೋಗುವುದು ಪಿಷ್ಟವೊಂದೇ ಅಲ್ಲ. ಮುದ್ದೆ ಅರ್ಧಕ್ಕಿಳಿದರೆ ಸುಣ್ಣವೂ ಅರ್ಧಕ್ಕಿಳಿಯುತ್ತದೆ. ಅದನ್ನು ಬೇರೆ ಕಡೆಯಿಂದ ತುಂಬಬೇಕು. ನುಗ್ಗೆಸೊಪ್ಪಿನಲ್ಲಿ 440, ಎಳ್ಳಿನಲ್ಲಿ 1450 ಮಿಲಿಗ್ರಾಂ ಇದೆಯಲ್ಲ. ಎಳ್ಳನ್ನು ಚಟ್ನಿಪುಡಿಯ ಲೆಕ್ಕದಲ್ಲಿ ತಿನ್ನುತ್ತಾರೆಯೇ ಹೊರತು ಸೇರುಗಟ್ಟಲೆ ಅಲ್ಲ ಎಂಬುದು ನೆನಪಿರಲಿ. ಹಾಲು, ಮೊಸರು ಹೇಗೂ ಉಂಟು.

ಕಡಲೆಕಾಯಿಯ ಸಾಲನ್ನೂ ನೋಡಬಹುದು. ಪಿಷ್ಟ 26 ಗ್ರಾಂ ಮಾತ್ರ, ಪ್ರೋಟೀನು 25. ಆದರೆ ಶಾಖ 567 ಕ್ಯಾಲೊರಿ, ರಾಗಿಯದು 328. ಪಿಷ್ಟ ಕಮ್ಮಿಯೆಂದು ಹೊತ್ತುಗೊತ್ತಿಲ್ಲದೆ ಮೆಲ್ಲುತ್ತಾ ಕೂತರೆ ಮೈ ಕರಗೀತೆ?

ಇತಿಹಾಸದ ಕುತೂಹಲವಿರುವ ಕಾಲೇಜು ಹುಡುಗರು ವಿಲಿಯಂ ಬ್ಯಾಂಟಿಂಗ್ 1863ರಲ್ಲಿ ಬರೆದ ‘ಲೆಟರ್ ಆನ್ ಕಾರ್ಪ್ಯುಲೆನ್ಸ್’ ಓದಬಹುದು. ಲಂಡನ್ನಿನಲ್ಲಿ ಅಂತ್ಯಕ್ರಿಯೆಗಳ ಏರ್ಪಾಡು ಮಾಡಿಕೊಡುವ ಕಸುಬಿನ ಈತ, ವೈದ್ಯರೊಬ್ಬರ ಮಾತಿನಂತೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು ವರ್ಷದಲ್ಲಿ 202 ಪೌಂಡಿನಿಂದ 156ಕ್ಕೆ ಇಳಿದ. ಪಿಷ್ಟ ಬಿಡುವ ಪುಸ್ತಕಗಳ ವಂಶವೃಕ್ಷದ ಬೇರು ಇದೇ. 1972ರ ಅಟ್ಕಿನ್ಸ್ ಪುಸ್ತಕವೂ ಅದರ ಕೊಂಬೆ. ಓದಲು ತಮಾಷೆಯಾಗಿದೆ, ಆದರೆ ಒಬ್ಬನ ಅನುಭವ ಒಬ್ಬನದೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಿಷ್ಟ ಕಡಿಮೆ, ಇನ್ನೊಂದಕ್ಕೆ ಜಿಡ್ಡು ಕಡಿಮೆ ಊಟ ಸೂಚಿಸಿ ವರ್ಷಕಾಲ ನೋಡಿ 2018ರಲ್ಲಿ ವರದಿ ಮಾಡಿದರು. ಮೊದಲ ಗುಂಪು ಸರಾಸರಿ 6 ಕೆ.ಜಿ., ಎರಡನೆಯದು 5.3 ಕೆ.ಜಿ. ಇಳಿಯಿತು, ಹೆಚ್ಚು ಕಡಿಮೆ ಸಮ.

ನಮ್ಮವರೇ ಬರೆದದ್ದು ಬೇಕೆಂದರೆ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಇದೆ. ದಿನದ ಶಕ್ತಿಯಲ್ಲಿ ಅಕ್ಕಿ, ಗೋಧಿ, ರಾಗಿ ಎಲ್ಲ ಸೇರಿ ಶೇ. 45 ಮೀರದಿರಲಿ ಎನ್ನುತ್ತದೆ ಅದು. ಧಾನ್ಯ ಬಿಡಿ ಎನ್ನುವುದಿಲ್ಲ, ತಟ್ಟೆಯಲ್ಲಿ ಕಾಳು, ತರಕಾರಿ, ಹಾಲು, ಮೊಟ್ಟೆಗೆ ಜಾಗ ಬಿಡಿ ಎನ್ನುತ್ತದೆ. ಮುದ್ದೆಯ ಗಾತ್ರ ಅರ್ಧಕ್ಕಿಳಿಸಿ, ಸಾರಿನ ಕಾಳನ್ನು ತಳದಿಂದ ಎತ್ತಿ ಬಡಿಸಿ, ಸೊಪ್ಪಿನ ಪಲ್ಯ ಎರಡರಷ್ಟು ಮಾಡಿದರೆ ಈ ನಾಲ್ಕು ತಾಲ್ಲೂಕಿನ ಅಡುಗೆಮನೆ ಅಲ್ಲಿಗೆ ಸುಲಭವಾಗಿ ಮುಟ್ಟುತ್ತದೆ.

ಯಾವ ಪುಸ್ತಕ ಓದಿದರೂ ಇನ್ಸುಲಿನ್ ಚುಚ್ಚಿಸಿಕೊಳ್ಳುವವರು, ಸಕ್ಕರೆಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುದ್ದೆಗೆ ಕತ್ತರಿ ಹಾಕಬಾರದು. ಮಾತ್ರೆಯ ಪ್ರಮಾಣ ಹಳೆಯ ಊಟಕ್ಕೆ ತಕ್ಕಂತೆ ಇರುತ್ತದೆ. ಊಟ ಇಳಿದು ಮಾತ್ರೆ ಹಾಗೇ ಉಳಿದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ತಲೆಸುತ್ತು, ಕೆಲವೊಮ್ಮೆ ಪ್ರಜ್ಞೆಯೇ ತಪ್ಪುವುದುಂಟು. ಮೂತ್ರಪಿಂಡದ ತೊಂದರೆ ಇದ್ದವರು ಕಾಳು ಮೊಟ್ಟೆ ಹೆಚ್ಚಿಸುವಾಗಲೂ ಕೇಳಬೇಕು.

ಬೆಳೆಯುವ ಮಕ್ಕಳಿಗೆ ಅಪ್ಪನ ಪಥ್ಯ ಬೇಡ. ಸರ್ಕಾರಿ ಶಾಲೆಗಳಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಕಾರ್ಯಕ್ರಮ 2024ರಲ್ಲಿ ಶುರುವಾದದ್ದು ಅವರ ಮೂಳೆಯನ್ನು ನೆನೆದೇ. ಹತ್ತನೆಯ ತರಗತಿಯ ಹುಡುಗಿ ತೆಳ್ಳಗಾಗಲೆಂದು ಊಟ ಬಿಡಲು ಹೊರಟರೆ, ಮೇಲಿನ ಪಟ್ಟಿಯ ಕ್ಯಾಲ್ಸಿಯಂ ಅಂಕಣವನ್ನು ತಾಯಿ ಮಗಳು ಜೊತೆಯಲ್ಲಿ ಕೂತು ಓದಲಿ.

ಅಂಗಡಿಯಲ್ಲಿ ‘ರಾಗಿ ಬಿಸ್ಕತ್ತು’ ಕೊಳ್ಳುವಾಗ ಪೊಟ್ಟಣದ ಹಿಂಬದಿಯೂ ಓದಬೇಕಾದ ಸಾಹಿತ್ಯವೇ. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂದು ನಿಯಮವಿದೆ. ಮೈದಾ ಮೊದಲು, ಸಕ್ಕರೆ ಆಮೇಲೆ, ರಾಗಿ ನಾಲ್ಕನೆಯದೋ ಐದನೆಯದೋ ಆಗಿದ್ದರೆ ಅದು ಯಾವ ಬಿಸ್ಕತ್ತೆಂದು ಮಕ್ಕಳೇ ಹೇಳಬಲ್ಲರು.