ಕಚ್ಚುವ ಬೆಕ್ಕು ಮತ್ತು ನನ್ನ ಬೆತ್ತ



ಪರಿಚಿತರೊಬ್ಬರು ಊರು ಬಿಡುವಾಗ ನಮಗೊಪ್ಪಿಸಿದ ಬೆಕ್ಕು, ಬಂದ ವಾರದೊಳಗೇ ನನ್ನ ಕೈಯನ್ನು 3 ಬಾರಿ ಕಚ್ಚಿತು. “ನಾಲ್ಕು ಬಾರಿಸಿ, ಬಗ್ಗದಿದ್ದರೆ ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬನ್ನಿ” ಎಂದು ನಿಮ್ಮಲ್ಲೇ ಕೆಲವರು ಉಪದೇಶಿಸಿದಿರಿ. ಆ ಉಪದೇಶವನ್ನು ನಾನು ಖಂಡಿಸುತ್ತೇನೆ.

ಮರಿಯಿದ್ದಾಗ ಕೈಬೆರಳನ್ನೇ ಆಟಿಕೆಯಾಗಿ ಒಡ್ಡುವವರು ನಾವು. ಒಡಹುಟ್ಟಿದ ಮರಿಗಳೊಡನೆ ಆಡಿ, ಎಷ್ಟು ಕಚ್ಚಿದರೆ ನೋವಾಗುವುದೆಂದು ಕಲಿಯುವ ಮುನ್ನವೇ ಅದನ್ನು ಅಗಲಿಸುವವರೂ ನಾವೇ. ಬಾಲ ಬಡಿದು, ಕಿವಿ ಹಿಂದಕ್ಕೆ ಮಡಚಿ “ಸಾಕು” ಎಂದು ಅದು ಸಾರಿದರೂ ನಾವು ಓದಲಾರೆವು. ಹೀಗಿರಲು ತಪ್ಪು ಯಾರದು? ಹೊಡೆತದಿಂದ ಭಯ ಹೆಚ್ಚುತ್ತದೆ; ಭಯದಿಂದ ಕಡಿತ ಹೆಚ್ಚುತ್ತದೆ. ಹಸಿದು ನರಳುವಂತೆ ಸಾಕುಪ್ರಾಣಿಯನ್ನು ತೊರೆಯುವುದಂತೂ 1960ರ ಕಾಯಿದೆಯಂತೆ ಅಪರಾಧ.

ಕಚ್ಚಿದಾಗ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ವೈದ್ಯರ ಬಳಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಂಡೆ. ಬೆಕ್ಕಿಗೂ ಲಸಿಕೆ ಹಾಕಿಸಿದೆ. ಆಟಕ್ಕೆ ಕೈಯ ಬದಲು ದಾರಕ್ಕೆ ಕಟ್ಟಿದ ಬಟ್ಟೆಯುಂಡೆ ಕೊಟ್ಟೆ. ಹಲ್ಲು ತಾಗಿದೊಡನೆ ಮಾತಿಲ್ಲದೆ ಎದ್ದುಹೋಗುತ್ತಿದ್ದೆ. ಕೆಲವು ತಿಂಗಳಲ್ಲಿ ಕಡಿತ ನಿಂತಿತು.

2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿದಾಗ, ಶಿಸ್ತು ಕೆಟ್ಟಿತೆಂದು ಗೊಣಗಿದವರಲ್ಲಿ ನಾನೂ ಒಬ್ಬ. ಬೆಕ್ಕಿಗೆ ತೋರಿದ ತಾಳ್ಮೆಯನ್ನು ಅಂದು ನಿಮಗೆ ತೋರಲಿಲ್ಲ. ನನ್ನ ಬೆತ್ತದ ರುಚಿ ಕಂಡ ಶಿಷ್ಯರೇ, ಕ್ಷಮಿಸಿ. ಆದರೆ ಆ ಬೆತ್ತವನ್ನು ನೀವು ಮುಂದುವರಿಸಬೇಡಿ.