ದಾಳ ಎಸೆಯುವುದಕ್ಕೆ ಮೊದಲು



ಕಳೆದ ದಸರಾ ರಜೆಯಲ್ಲಿ ನಮ್ಮ ನಡುಮನೆ ಮೂರು ದಿನ ಮಕ್ಕಳ ವಶದಲ್ಲಿತ್ತು. ಮಗಳ ಮಗ ತನ್ನ ತಂಗಿಯನ್ನೂ ನನ್ನ ಮಗನ ಇಬ್ಬರು ಹುಡುಗರನ್ನೂ ಕೂರಿಸಿಕೊಂಡು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಆರಂಭಿಸಿದ್ದ. ಇದರಲ್ಲಿ ಒಬ್ಬನು ಕಥೆ ನಡೆಸುತ್ತಾನೆ. ಉಳಿದವರು ಆ ಕಥೆಯ ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ, ನಿರ್ಧರಿಸುತ್ತಾರೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ ಮೊದಲು ಪ್ರಕಟವಾದದ್ದು 1974ರಲ್ಲಿ.

ಆಟಕ್ಕೆ ಮುನ್ನ ಪ್ರತಿ ಪಾತ್ರಕ್ಕೂ ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿಗೆ ಅಂಕ ಕೊಡಬೇಕು. ಮೂಲ ನಿಯಮದಲ್ಲಿ ಮೂರು ದಾಳಗಳನ್ನು ಎಸೆದು ಕೂಡಿಸುತ್ತಿದ್ದರು. ಈಗ ಹೆಚ್ಚಿನವರು ನಾಲ್ಕು ದಾಳ ಎಸೆದು ಅತಿ ಕಡಿಮೆಯದನ್ನು ಬಿಟ್ಟುಬಿಡುತ್ತಾರೆ. ನಮ್ಮ ಮನೆಯಲ್ಲಿ ಮಗನ ಹಿರಿಯ ಹುಡುಗನಿಗೆ 18, 16, 15, 13, 12, 10 ಬಂದವು. ಹನ್ನೊಂದು ವರ್ಷದ ಮೊಮ್ಮಗಳಿಗೆ ಬಂದದ್ದು 12, 11, 10, 9, 8, 7.

ಅವಳು ಅತ್ತದ್ದು ಅದಕ್ಕಲ್ಲ. ಕಿರಿಯ ಹುಡುಗನ ದಾಳ ಮಂಚದ ಕೆಳಗೆ ಉರುಳಿ ಒಂದು ತೋರಿಸಿದಾಗ ‘ಕೆಳಗೆ ಬಿದ್ದದ್ದು ಲೆಕ್ಕಕ್ಕಿಲ್ಲ’ ಎಂದು ಮತ್ತೆ ಎಸೆಯಲು ಬಿಟ್ಟರು. ಇವಳ ದಾಳವೂ ಹಾಗೆಯೇ ಉರುಳಿದಾಗ ‘ಬಿದ್ದದ್ದು ಬಿದ್ದ ಹಾಗೆ’ ಎಂದರು. ಎರಡನೆಯ ಸಂಜೆ ಅವಳು ಆಟ ಬಿಟ್ಟು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಳು.

ನಾನು ಮೊಮ್ಮಗನನ್ನು ಕರೆದು ಕೇಳಿದೆ. ‘ತಾತ, ಅದೃಷ್ಟವಿಲ್ಲದಿದ್ದರೆ ಆಟವೇ ಇಲ್ಲ. ದುರ್ಬಲ ಪಾತ್ರವೂ ಕಥೆಗೆ ಚೆಂದ’ ಎಂದ. ಮಾತಿನಲ್ಲಿ ಸತ್ಯವಿದೆ. ಆದರೆ ಗಣಿತದ ಮೇಷ್ಟ್ರು ಲೆಕ್ಕ ಮಾಡದೆ ಬಿಟ್ಟಾರೆಯೇ? 18 ಇದ್ದವನ ಎಸೆತಕ್ಕೆ 4 ಕೂಡುತ್ತದೆ, 12 ಇದ್ದವಳಿಗೆ 1. ಆಟದ ಕಾರ್ಯಗಳೆಲ್ಲ ನಡೆಯುವುದು ಇಪ್ಪತ್ತು ಮುಖದ ದಾಳದ ಮೇಲೆ. ಅಲ್ಲಿ ಒಂದೊಂದು ಅಂಕವೂ ಸಾಮಾನ್ಯವಾಗಿ ನೂರಕ್ಕೆ 5ರಷ್ಟು ಅವಕಾಶ. ಅಂದರೆ ಇಬ್ಬರೂ ತಮಗೆ ಚೆನ್ನಾಗಿ ಬರುವ ಕೆಲಸವನ್ನೇ ಮಾಡಹೊರಟರೂ ಅವಳು ಪ್ರತಿ ಸಲ ನೂರಕ್ಕೆ 15ರಷ್ಟು ಹಿಂದೆ. ಒಂದು ಎಸೆತದ ದುರದೃಷ್ಟವನ್ನು ಯಾರಾದರೂ ಸಹಿಸಬಹುದು. ಮೊದಲ ಗಳಿಗೆಯ ದುರದೃಷ್ಟವನ್ನು ಆಟದುದ್ದಕ್ಕೂ ಹೊರುವುದು ಬೇರೆ ಮಾತು.

ನಾಲ್ಕು ದಾಳದ ನಿಯಮ ಇದಕ್ಕೆ ಮದ್ದಲ್ಲ. ಅದರಿಂದ ಸರಾಸರಿ 10.5ರಿಂದ ಸುಮಾರು 12.2ಕ್ಕೆ ಏರುತ್ತದೆ, 18 ಬರುವ ಸಾಧ್ಯತೆ 216ಕ್ಕೆ 1 ಇದ್ದದ್ದು 1296ಕ್ಕೆ 21 ಆಗುತ್ತದೆ. ಆದರೆ ಮಕ್ಕಳ ನಡುವಿನ ಅಂತರ ಹೆಚ್ಚೇನೂ ತಗ್ಗುವುದಿಲ್ಲ. ಇಡೀ ತರಗತಿಗೆ ಕೃಪಾಂಕ ಕೊಟ್ಟರೆ ಹಿಂದಿನ ಬೆಂಚು ಮುಂದೆ ಬರುವುದಿಲ್ಲವಷ್ಟೆ.

ನಿಯಮ ಪುಸ್ತಕದಲ್ಲಿಯೇ ಇನ್ನೆರಡು ದಾರಿಗಳಿವೆ. ಎಲ್ಲರೂ 15, 14, 13, 12, 10, 8 ಎಂಬ ಒಂದೇ ಸಾಲನ್ನು ಹಂಚಿಕೊಳ್ಳುವುದು ಒಂದು. 27 ಅಂಕಗಳ ಬಂಡವಾಳದಿಂದ ಗುಣಗಳನ್ನು ಕೊಳ್ಳುವುದು ಇನ್ನೊಂದು; ಅಲ್ಲಿ 13ಕ್ಕೆ ಬೆಲೆ 5, 15ಕ್ಕೆ 9. ಎರಡೂ ನ್ಯಾಯವಾದವು. ಆದರೆ ದಾಳ ಗಲಗಲಿಸುವ ಸಂಭ್ರಮ ಹೋಗುತ್ತದೆಂದು ಮಕ್ಕಳು ಒಪ್ಪಲಿಲ್ಲ. ಅವರ ಅಸಮಾಧಾನವೂ ನ್ಯಾಯವಾದದ್ದೇ.

ಆಗ ನನಗೆ ನಮ್ಮ ಶಾಲೆಯ ಮೈದಾನ ನೆನಪಾಯಿತು. ಕಬಡ್ಡಿಗೆ ಪಂಗಡ ಮಾಡುವಾಗ ಸಮಬಲದ ಇಬ್ಬರು ಹೆಗಲ ಮೇಲೆ ಕೈಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಿದ್ದಿರಿ. ‘ಸೂರ್ಯ ಬೇಕೋ, ಚಂದ್ರ ಬೇಕೋ?’ ನಾಯಕನು ಯಾವುದನ್ನು ಹೇಳಿದರೂ ಪಂಗಡ ಕೆಡುತ್ತಿರಲಿಲ್ಲ. ಮೊದಲು ಸಮಾನತೆ, ಆಮೇಲೆ ಅದೃಷ್ಟ. ಯಾವ ಮೇಷ್ಟ್ರೂ ಕಲಿಸದ ಈ ನ್ಯಾಯ ನಿಮಗೆ ಗೊತ್ತಿತ್ತು.

ಅದೇ ಎಳೆ ಹಿಡಿದು ಮೂರನೆಯ ದಿನ ಮನೆಯ ನಿಯಮವೊಂದನ್ನು ಬರೆದೆವು. ಮೂವರೂ ಒಂದೊಂದು ಸಾಲು ಅಂಕಗಳನ್ನು ಎಸೆಯಬೇಕು. ಮೂರು ಸಾಲುಗಳೂ ಎಲ್ಲರ ಸ್ವತ್ತು. ಯಾರು ಯಾವ ಸಾಲನ್ನಾದರೂ ಆರಿಸಿಕೊಳ್ಳಬಹುದು. ನೆಲಕ್ಕೆ ಬಿದ್ದ ದಾಳವನ್ನು, ಅದು ಯಾರದೇ ಆಗಲಿ, ಏನೇ ತೋರಿಸಲಿ, ಮತ್ತೆ ಎಸೆಯಬೇಕು. ಇದನ್ನು ಕಾಗದದ ಮೇಲೆ ಬರೆದು ಎಲ್ಲರೂ ರುಜು ಹಾಕಿದ ನಂತರವೇ ದಾಳ ಕೈಗೆ.

ಒಳ್ಳೆಯ ಸಾಲು ಬಂದದ್ದು ಕಿರಿಯ ಹುಡುಗನಿಗೆ: 17, 15, 14, 12, 11, 7. ಮೂವರೂ ಅದನ್ನೇ ಆರಿಸಿಕೊಂಡರು. ‘ಎಲ್ಲರೂ ಒಂದೇ ಆಗಿಬಿಟ್ಟರಲ್ಲ ತಾತ’ ಎಂದು ಮೊಮ್ಮಗ ಗೊಣಗಿದ. ಆಗಲಿಲ್ಲ. ಹುಡುಗರಿಬ್ಬರೂ 17ನ್ನು ಬಲಕ್ಕೂ ಚುರುಕಿಗೂ ಇಟ್ಟರೆ, ಅವಳು ವಿವೇಕಕ್ಕಿಟ್ಟು ಆ 7ನ್ನು ಬಲಕ್ಕೆ ಬರೆದುಕೊಂಡಳು. ಅವಳ ವೈದ್ಯೆ ತನ್ನ ಚೀಲವನ್ನೂ ಎತ್ತಲಾರದವಳು. ಅದನ್ನು ಹೇಳಿಕೊಂಡು ಅವಳೇ ಎಲ್ಲರಿಗಿಂತ ಹೆಚ್ಚು ನಕ್ಕಳು. ಮೊದಲ ದಿನವೂ ಅವಳ ಹಾಳೆಯಲ್ಲಿ ಒಂದು 7 ಇತ್ತು. ತಾನಾಗಿ ಆರಿಸಿಕೊಂಡ ಕೊರತೆ ಪಾತ್ರಕ್ಕೆ ಸೊಗಸು. ಎಲ್ಲರೆದುರು ಒಬ್ಬಳ ಮೇಲೆ ಹೊರಿಸಿದ ಕೊರತೆ ಅವಮಾನ.

ಇಂದು ನಿಮ್ಮಲ್ಲಿ ಹಲವರು ಮನೆಯಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ನಿಯಮ ಮಾಡುವ ಸ್ಥಾನದಲ್ಲಿದ್ದೀರಿ. ನಿಯಮ ಸಡಿಲವಾಗಿರಲಿ, ಬಿಗಿಯಾಗಿರಲಿ, ಅದು ನಿಮಗೆ ಬಿಟ್ಟದ್ದು. ದಾಳ ಉರುಳಿ ನಿಂತ ಮೇಲೆ ಮಾತ್ರ ಅದನ್ನು ಬರೆಯಬೇಡಿ.