ಕ್ಯಾಮೆರಾ ಕೊಳ್ಳುವ ಮುನ್ನ

ಕಳೆದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಮುಳಬಾಗಿಲಿನ ನನ್ನ ಹಳೆಯ ಮಿತ್ರರೊಬ್ಬರು ತಮ್ಮ ಮಗನೊಡನೆ ಕೋಲಾರದ ನಮ್ಮ ಮನೆಗೆ ದಯಮಾಡಿಸಿದರು. ತಂದೆಯ ಮುಖದಲ್ಲಿ ಚಿಂತೆ, ಮಗನ ಮುಖದಲ್ಲಿ ಉತ್ಸಾಹ. ಒಂದೇ ಕಾರಣದಿಂದ ಒಬ್ಬರಿಗೆ ಚಿಂತೆಯೂ ಮತ್ತೊಬ್ಬರಿಗೆ ಉತ್ಸಾಹವೂ ಉಂಟಾಗಿದ್ದರೆ ಆ ಕಾರಣ ಮದುವೆಯಾಗಿರಬೇಕು, ಇಲ್ಲವೆ ದೊಡ್ಡ ಖರ್ಚಾಗಿರಬೇಕು. ಎರಡೂ ಒಂದೇ ಎನ್ನುವವರೂ ಉಂಟು, ಇರಲಿ. ಇಲ್ಲಿ ನಡೆದದ್ದು ಖರ್ಚಿನ ವಿಚಾರ.

ನರಸಾಪುರದ ಕಾರ್ಖಾನೆಯೊಂದರಲ್ಲಿ ಉದ್ಯೋಗದಲ್ಲಿರುವ ಈ ತರುಣನಿಗೆ ಛಾಯಾಗ್ರಹಣದ ಗೀಳು ಹತ್ತಿದೆ. ಒಂದೂವರೆ ಲಕ್ಷ ರೂಪಾಯಿನ ಕ್ಯಾಮೆರಾವನ್ನೂ, ಹಕ್ಕಿಗಳನ್ನು ಹತ್ತಿರಕ್ಕೆ ತರುವ ಉದ್ದನೆಯ ಲೆನ್ಸನ್ನೂ ಎರಡು ವರ್ಷದ ಕಂತಿನ ಮೇಲೆ ಕೊಳ್ಳಬೇಕೆಂದು ನಿಶ್ಚಯಿಸಿದ್ದಾನೆ. ತಂದೆಯವರಿಗಾದರೋ, ಸೋರುವ ಮಾಳಿಗೆಯನ್ನು ಮಳೆಗಾಲಕ್ಕೆ ಮುನ್ನ ಸರಿಮಾಡಿಸಬೇಕೆಂಬ ಯೋಚನೆ.

"ನೀವೇ ಇವನಿಗೆ ಒಂದು ಮಾತು ಹೇಳಿ" ಎಂದರು ಮಿತ್ರರು.

"ಯಾವ ಕಂಪನಿಯದು ಒಳ್ಳೆಯದು ಅಂತ ಹೇಳಿ ಸಾರ್, ಸಾಕು" ಎಂದ ಮಗ.

ನಾನು ಎರಡನ್ನೂ ಹೇಳಲಿಲ್ಲ. ಅವನ ಫೋನಿನಲ್ಲಿ ಎಷ್ಟು ಚಿತ್ರಗಳಿವೆಯೆಂದು ಕೇಳಿದೆ. ಹನ್ನೊಂದು ಸಾವಿರಕ್ಕೂ ಹೆಚ್ಚು ಎಂದ. "ನಾಳೆ ಈ ಫೋನು ಕೆರೆಗೆ ಬಿದ್ದುಹೋಗುತ್ತದೆ, ಮೂರು ಚಿತ್ರಗಳನ್ನು ಮಾತ್ರ ಉಳಿಸಿಕೊಳ್ಳಬಹುದು. ಯಾವ ಮೂರು?" ಎಂದೆ. ಹುಡುಗ ನಕ್ಕು ಹುಡುಕತೊಡಗಿದ. ಕಾಫಿ ಬಂತು, ಆರಿತು. ಅರ್ಧ ಗಂಟೆಯ ಮೇಲೆ ತಲೆಯೆತ್ತಿ, "ಒಂದೇ ಸಿಕ್ಕಿತು ಸಾರ್" ಎಂದು ಫೋನನ್ನು ಮುಂದೆ ಹಿಡಿದ.

ಒಳಮನೆಯಲ್ಲಿ ಅವನ ಅಜ್ಜಿ ಹುಣಸೆಹಣ್ಣಿನ ರಾಶಿಯ ಮುಂದೆ ಕುಳಿತು ಬೀಜ ಬಿಡಿಸುತ್ತಿದ್ದಾರೆ. ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ ಬಿದ್ದಿದೆ. ಯಾರೋ ಏನೋ ಅಂದದ್ದಕ್ಕೆ ನಗಲು ಹೊರಟಂತಿದೆ ಮುಖ. ಆದರೆ ಕೈಗಳೆರಡೂ ಮಸುಕು, ಕಣ್ಣುಗಳೂ ಸ್ವಲ್ಪ ಮಸುಕು. "ಅಜ್ಜಿ ಹೋದ ವರ್ಷ ಹೋಗಿಬಿಟ್ಟರು. ಅವರು ಒಬ್ಬರೇ ಇರುವ ಚಿತ್ರ ಇದೊಂದೇ" ಎಂದ. ಮಿತ್ರರು ಕನ್ನಡಕ ಹಾಕಿಕೊಂಡು ಫೋನನ್ನು ಕೈಗೆ ತೆಗೆದುಕೊಂಡರು. ತಮ್ಮ ತಾಯಿಯ ಆ ಚಿತ್ರವನ್ನು ಅವರು ಅದುವರೆಗೆ ನೋಡಿಯೇ ಇರಲಿಲ್ಲ. ಬಹಳ ಹೊತ್ತು ಹಿಂದಕ್ಕೆ ಕೊಡಲಿಲ್ಲ.

ವಾಚಕರೇ, ಕ್ಯಾಮೆರಾ ಕೊಳ್ಳುವ ವಿದ್ಯೆಯೆಲ್ಲ ಈ ಒಂದು ಮಸುಕು ಚಿತ್ರದಲ್ಲಿ ಅಡಗಿದೆ ಎಂಬುದು ನನ್ನ ನಂಬಿಕೆ. ಅಂಗಡಿಯವನು ಹೇಳುವುದಕ್ಕಿಂತ, ಜಾಹೀರಾತು ಹೇಳುವುದಕ್ಕಿಂತ ಸರಿಯಾಗಿ, ನಮಗೆ ಏನು ಬೇಕೆಂಬುದನ್ನು ಹೇಳಬಲ್ಲುದು ನಾವು ಮನಸಾರೆ ತೆಗೆಯಬಯಸಿ ಕೈತಪ್ಪಿಸಿಕೊಂಡ ಚಿತ್ರ.

ಅಜ್ಜಿಯ ಚಿತ್ರ ಏಕೆ ಮಸುಕಾಯಿತು? ಒಳಮನೆಯಲ್ಲಿ ಬೆಳಕು ಕಡಿಮೆ. ಬೆಳಕು ಕಡಿಮೆಯಾದಾಗ ಯಂತ್ರವು ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡಬೇಕಾಗುತ್ತದೆ. ಅಷ್ಟರಲ್ಲಿ ಬೀಜ ಬಿಡಿಸುವ ಕೈ ಆಡಿರುತ್ತದೆ. ಇದಕ್ಕೆ ಪರಿಹಾರ ಹಕ್ಕಿಯನ್ನು ಹತ್ತಿರ ತರುವ ಉದ್ದ ಲೆನ್ಸಲ್ಲ, ಹೆಚ್ಚು ಮೆಗಾಪಿಕ್ಸೆಲ್ಲೂ ಅಲ್ಲ. ಬಾಯಿ ಅಗಲವಾದ ಲೆನ್ಸು. ಲೆನ್ಸಿನ ಬಾಯಿಯ ಅಳತೆಯನ್ನು ಎಫ್ ಎಂಬ ಅಕ್ಷರದ ಮುಂದಿನ ಅಂಕಿಯಿಂದ ಸೂಚಿಸುತ್ತಾರೆ. ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಕ್ಯಾಮೆರಾದ ಜೊತೆಯಲ್ಲಿ ಬರುವ ಸಾಮಾನ್ಯ ಜೂಮ್ ಲೆನ್ಸು 50 ಮಿಲಿಮೀಟರಿನ ಬಳಿ ಎಫ್ 5.6ರ ಆಸುಪಾಸಿನಲ್ಲಿರುತ್ತದೆ. 50 ಮಿಲಿಮೀಟರಿನ ಎಫ್ 1.8 ಲೆನ್ಸು ಅದಕ್ಕಿಂತ 9 ಪಾಲಿಗೂ ಹೆಚ್ಚು ಬೆಳಕನ್ನು ಒಳಕ್ಕೆ ಬಿಡುತ್ತದೆ. ಸೆಕೆಂಡಿನ ಹತ್ತರಲ್ಲೊಂದು ಭಾಗ ತೆರೆದಿರಬೇಕಾದ ಕಣ್ಣು ನೂರರಲ್ಲೊಂದು ಭಾಗದ ಸಮೀಪಕ್ಕೆ ಬಂದರೆ ಸಾಕು, ಅಜ್ಜಿಯ ಕೈ ನಿಲ್ಲುತ್ತದೆ. ಪ್ರಸಿದ್ಧ ತಯಾರಕರೆಲ್ಲರ ಬಳಿ ಸಾಮಾನ್ಯವಾಗಿ ಅಗ್ಗದ ಲೆನ್ಸುಗಳಲ್ಲಿ ಇದೂ ಒಂದೆಂಬುದು ಮಧ್ಯಮ ವರ್ಗದವರ ಪುಣ್ಯ.

ಮೆಗಾಪಿಕ್ಸೆಲ್ಲಿನ ಮಾತು ಬಂದದ್ದರಿಂದ ಒಂದು ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ಅಂಗುಲಕ್ಕೆ 300 ಚುಕ್ಕೆಗಳಂತೆ ಚೆನ್ನಾಗಿ ಅಚ್ಚುಹಾಕಿಸಿದರೆ, 12 ಮೆಗಾಪಿಕ್ಸೆಲ್ಲಿನ ಚಿತ್ರ 13 ಅಂಗುಲ ಉದ್ದ, 10 ಅಂಗುಲ ಅಗಲಕ್ಕೆ ಸಲೀಸಾಗಿ ಬರುತ್ತದೆ. 24 ಮೆಗಾಪಿಕ್ಸೆಲ್ಲಿನದು 20 ಅಂಗುಲಕ್ಕೆ 13 ಅಂಗುಲ. ನಮ್ಮ ನಡುಮನೆಯ ಗೋಡೆಗೆ ಅದಕ್ಕಿಂತ ದೊಡ್ಡ ಚಿತ್ರವನ್ನು ಎಷ್ಟು ಜನ ತೂಗುಹಾಕುತ್ತೇವೆ? ಅದಕ್ಕಿಂತ ಮುಖ್ಯವಾದುದು ಬೆಳಕನ್ನು ಹಿಡಿಯುವ ಫಲಕದ ವಿಸ್ತಾರ. ಫುಲ್ ಫ್ರೇಮ್ ಎಂಬುದು 36 ಮಿಲಿಮೀಟರಿಗೆ 24 ಮಿಲಿಮೀಟರು; ಹವ್ಯಾಸಿಗಳು ಹೆಚ್ಚಾಗಿ ಕೊಳ್ಳುವ ಎಪಿಎಸ್-ಸಿ ಸುಮಾರು 23.5ಕ್ಕೆ 15.6. ಚಿಕ್ಕದೆಂದು ಬೇಸರಪಡಬೇಕಾಗಿಲ್ಲ. ಫೋನಿನ ಫಲಕ ಇದರ ಮುಂದೆ ಹುಣಸೆಬೀಜ.

ಹಾಗಾದರೆ ಯಾರಿಗೆ ಏನು? ನಮ್ಮ ನಾಲ್ಕು ತಾಲ್ಲೂಕುಗಳನ್ನೇ ತೆಗೆದುಕೊಳ್ಳೋಣ. ಆವನಿಯ ರಾಮಲಿಂಗೇಶ್ವರ ಗುಡಿಗಳು, ಕುರುಡುಮಲೆ, ಕೋಲಾರದ ಸೋಮೇಶ್ವರ ದೇವಾಲಯದ ಕೆತ್ತನೆಯ ಕಂಬಗಳು ಇವನ್ನು ತೆಗೆಯುವವನಿಗೆ ಬೇಕಾದುದು ಅಗಲನೋಟದ ಲೆನ್ಸು ಮತ್ತು ಬೆಳಗಿನ ಏಳು ಗಂಟೆಗೆ ಅಲ್ಲಿರುವ ಅಭ್ಯಾಸ. ಕಲ್ಲಿನ ಕೆತ್ತನೆ ಎದ್ದು ಕಾಣುವುದು ಓರೆಯಾಗಿ ಬಿದ್ದ ಬೆಳಕಿನಲ್ಲಿ, ನಡುಹಗಲಿನಲ್ಲಲ್ಲ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಡೆ ಮುಕ್ಕಾಲಿ ನಿಲ್ಲಿಸುವುದಕ್ಕೆ ಅನುಮತಿ ಬೇಕೆಂಬುದನ್ನೂ, ಗರ್ಭಗುಡಿಯಲ್ಲಿ ಅರ್ಚಕರನ್ನು ಕೇಳದೆ ಕ್ಯಾಮೆರಾ ಎತ್ತಬಾರದೆಂಬುದನ್ನೂ ನೆನಪಿಡಬೇಕು. ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಮೇ, ಜೂನ್ ತಿಂಗಳಿನ ಗದ್ದಲವನ್ನು ಹಿಡಿಯುವವನಿಗೆ ಚಿಕ್ಕ, ಹಗುರವಾದ ಕ್ಯಾಮೆರಾವೇ ಲೇಸು. ದೊಡ್ಡ ಯಂತ್ರವನ್ನು ಕಂಡೊಡನೆ ಬುಟ್ಟಿ ಹೊತ್ತವರು ನಿಂತು ಭಂಗಿ ಕೊಟ್ಟುಬಿಡುತ್ತಾರೆ. ಮಾಲೂರಿನ ಇಟ್ಟಿಗೆ ಗೂಡುಗಳ ಬಳಿಗೆ ಹೋಗುವವನು ಒಂದೇ ಲೆನ್ಸಿನಲ್ಲಿ ಕೆಲಸ ಮುಗಿಸಲಿ. ಆ ಕೆಂಪು ದೂಳಿನಲ್ಲಿ ಲೆನ್ಸು ಬದಲಾಯಿಸುವುದು ಕಣ್ಣಿಗೆ ಮಣ್ಣೆರಚಿಕೊಂಡಂತೆ.

ಉದ್ದ ಲೆನ್ಸು ನಿಜವಾಗಿ ಬೇಕಾಗುವುದು ಹಕ್ಕಿಗೆ. ಅದಕ್ಕೂ ನಮ್ಮಲ್ಲಿ ಅವಕಾಶವಿಲ್ಲದಿಲ್ಲ. 2018ರ ಜೂನ್ ತಿಂಗಳಲ್ಲಿ ಕೋರಮಂಗಲ-ಚಲ್ಲಘಟ್ಟ ಯೋಜನೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರದ ಕೆರೆಗೆ ಹರಿದು ಬಂದಂದಿನಿಂದ ಕೆರೆಗಳ ಚಹರೆಯೇ ಬದಲಾಗಿದೆ. ಒಂದೇ ಕೆರೆಯ ಏರಿಯ ಮೇಲೆ, ಒಂದೇ ಕಲ್ಲಿನ ಬಳಿ ನಿಂತು, ತಿಂಗಳಿಗೊಂದರಂತೆ ಹನ್ನೆರಡು ಚಿತ್ರ ತೆಗೆದವನ ಸಂಗ್ರಹಕ್ಕೆ ಇನ್ನು ಇಪ್ಪತ್ತು ವರ್ಷದ ಮೇಲೆ ಬರುವ ಬೆಲೆಯನ್ನು ಯೋಚಿಸಿ. ಈ ಕೆಲಸಕ್ಕೆ ಅಂಗಿಯ ಜೇಬಿನಲ್ಲಿರುವ ಫೋನೇ ಸಾಕು.

ಹಳೆಯ ಕ್ಯಾಮೆರಾ ಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ತಯಾರಕರು ಕನ್ನಡಿಯಿಲ್ಲದ ಮಿರರ್‌ಲೆಸ್ ಮಾದರಿಗಳ ಕಡೆಗೆ ತಿರುಗಿರುವುದರಿಂದ, ಕನ್ನಡಿಯುಳ್ಳ ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಕಡಿಮೆ ಬೆಲೆಗೆ ಕೈಬದಲಾಗುತ್ತಿವೆ. ಆದರೆ ಕಣ್ಣುಮುಚ್ಚಿ ಕೊಳ್ಳಬೇಡಿ. ಲೆನ್ಸಿನ ಹಿಂದಿನಿಂದ ಟಾರ್ಚು ಹಿಡಿದು ನೋಡಿರಿ. ಒಳಗೆ ಜೇಡರಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಷಟರು ಎಷ್ಟು ಸಾವಿರ ಸಲ ಬಡಿದಿದೆಯೆಂದು ಕೇಳಿ ತಿಳಿದುಕೊಳ್ಳಿ. ಬಿಲ್ಲು ಕೇಳಿ. ಎಲ್ಲಕ್ಕೂ ಮೊದಲು ಕೈಯಲ್ಲಿ ಹಿಡಿದು ನೋಡಿ. ಕೈಗೆ ಒಗ್ಗದ ಯಂತ್ರ ಬೀರುವಿನಲ್ಲಿಯೇ ಉಳಿಯುತ್ತದೆ.

ಇನ್ನು ಸಹವಾಸದ ವಿಚಾರ. ನಮ್ಮ ತರುಣನು ಫೋನಿನಲ್ಲಿಯೇ ಏಳು ಛಾಯಾಗ್ರಾಹಕ ಗುಂಪುಗಳಿಗೆ ಸೇರಿದ್ದಾನಂತೆ. ಅಲ್ಲಿ ಏನು ನಡೆಯುತ್ತದೆಯೆಂದು ಕೇಳಿದೆ. "ಚಿತ್ರ ಹಾಕುತ್ತೇವೆ ಸಾರ್, ಎಲ್ಲರೂ ಸೂಪರ್ ಅನ್ನುತ್ತಾರೆ" ಎಂದ. ಅವನು ಎಲ್ಲರದಕ್ಕೂ ಹಾಗೆಯೇ ಅನ್ನುತ್ತಾನಂತೆ. ಇದು ಮದುವೆಮನೆಯ ಮುಯ್ಯಿಯಂತಾಯಿತೇ ಹೊರತು ವಿದ್ಯೆಯಾಗಲಿಲ್ಲ.

ಈ ವಿದ್ಯೆ ನಮ್ಮ ನಾಡಿನಲ್ಲಿ ಬೆಳೆದುಬಂದ ಬಗೆ ಬೇರೆ. ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್ ಎಂಬ ಹಿರಿಯರಿದ್ದರು. ಹಕ್ಕಿಗಳ ಛಾಯಾಗ್ರಹಣದಲ್ಲಿ ಪಳಗಿದವರು. ಅವರ ಬಳಿ ಕಲಿತು ಬೆಳೆದವರು ಇ. ಹನುಮಂತರಾಯರು ಮತ್ತು ಟಿ. ಎನ್. ಎ. ಪೆರುಮಾಳ್. 2017ರಲ್ಲಿ ತೀರಿಕೊಂಡ ಪೆರುಮಾಳರ ಕಪ್ಪುಬಿಳುಪಿನ ವನ್ಯಜೀವಿ ಚಿತ್ರಗಳನ್ನು ನೋಡಿದವರು ಮರೆಯಲಾರರು. ತಾವು ಪಡೆದುದನ್ನು ಅವರು ಮುಂದಿನ ತಲೆಮಾರಿನ ತರುಣರಿಗೂ ಧಾರೆಯೆರೆದರು. ಡಾ. ಜಿ. ಥಾಮಸ್ ಅವರು 1953ರಲ್ಲಿ ದೇಶದ ಛಾಯಾಗ್ರಾಹಕ ಸಂಘಗಳ ಒಕ್ಕೂಟವನ್ನು ಕಟ್ಟಿದರು. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಇಂಥ ಸಂಘಗಳ ಬೆಲೆ ಇರುವುದು ಅವು ಕೊಡುವ ಪದಕಗಳಲ್ಲಿ ಅಲ್ಲ. "ಇದರಲ್ಲಿ ದಿಗಂತ ವಾಲಿದೆ, ಅಲ್ಲಿ ಬೆಳಕು ಸುಟ್ಟುಹೋಗಿದೆ, ಇನ್ನೆರಡು ಹೆಜ್ಜೆ ಮುಂದೆ ಹೋಗಬೇಕಾಗಿತ್ತು" ಎಂದು ಮುಖಕ್ಕೆ ಹೇಳುವ ಒಬ್ಬ ಹಿರಿಯ ಅಲ್ಲಿ ಸಿಕ್ಕುತ್ತಾನೆಂಬುದರಲ್ಲಿ.

ಪ್ರತಿ ವಾರ ಬೆಂಗಳೂರಿಗೆ ಹೋಗಲಾಗದವರು ನಾಲ್ಕು ಊರುಗಳ ನಡುವೆಯೇ ಒಂದು ಪುಟ್ಟ ಬಳಗ ಕಟ್ಟಿಕೊಳ್ಳಬಹುದು. ಆರು ಜನ ಸಾಕು. ತಿಂಗಳಿಗೊಂದು ಭಾನುವಾರ, ಸರದಿಯ ಮೇಲೆ ಒಂದೊಂದು ಊರು. ಬೆಳಿಗ್ಗೆ ಚಿತ್ರ ತೆಗೆಯುವುದು, ಮಧ್ಯಾಹ್ನ ಯಾರಾದರೊಬ್ಬರ ಮನೆಯ ಜಗಲಿಯಲ್ಲಿ ಕುಳಿತು ಹಿಂದಿನ ತಿಂಗಳಿನ ಚಿತ್ರಗಳನ್ನು ನೋಡುವುದು. ತಲೆಗೆ ನಾಲ್ಕೇ ಚಿತ್ರ, ಅವೂ ಕಾಗದದ ಮೇಲೆ ಅಚ್ಚಾದವು. "ಚೆನ್ನಾಗಿದೆ" ಎಂಬ ಮಾತಿಗೆ ನಿಷೇಧ. ಏಕೆ ಚೆನ್ನಾಗಿದೆಯೆಂದು ಹೇಳಬೇಕು. ಒಂದು ತಿಂಗಳು ಪ್ರತಿಯೊಬ್ಬರೂ ಹನ್ನೆರಡೇ ಸಲ ಗುಂಡಿ ಒತ್ತುವ ನಿಯಮವನ್ನೂ ಇಟ್ಟುಕೊಳ್ಳಿ. ನಮ್ಮ ತಂದೆಯವರ ಕಾಲದ ಆಗ್ಫಾ ಕ್ಲಿಕ್ ಕ್ಯಾಮೆರಾದಲ್ಲಿ ಒಂದು ರೋಲಿಗೆ ಬರುತ್ತಿದ್ದುದು ಹನ್ನೆರಡೇ ಚಿತ್ರ. ಅವುಗಳಲ್ಲಿ ಉಳಿದುಬಂದಷ್ಟು ಮುಖಗಳು ನಮ್ಮ ಹನ್ನೊಂದು ಸಾವಿರದಲ್ಲಿ ಉಳಿಯುತ್ತವೆಯೇ ಎಂಬ ಸಂದೇಹ ನನಗುಂಟು.

ಬಳಗಕ್ಕೆ ಮರ್ಯಾದೆಯೂ ಬೇಕು. ಇಟ್ಟಿಗೆ ಗೂಡಿನಲ್ಲಿ ದುಡಿಯುವ ತಾಯಿಯ ಚಿತ್ರ ತೆಗೆಯುವ ಮುನ್ನ ಅವಳ ಒಪ್ಪಿಗೆ ಕೇಳಬೇಕು. ಮುಂದಿನ ಸಲ ಹೋಗುವಾಗ ಒಂದು ಪ್ರತಿಯನ್ನು ಅವಳ ಕೈಗೆ ಕೊಡಬೇಕು. ಗೂಡಿನಲ್ಲಿ ಮರಿಗಳಿರುವ ಹಕ್ಕಿಯ ಜಾಗವನ್ನು ಊರಿಗೆಲ್ಲ ಸಾರಬಾರದು. ನಮ್ಮ ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಗುಹೆಯಲ್ಲಿ, 1994ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಒಂದು ಬಾವಲಿಯಿದೆ. ಕೋಲಾರದ ಹೆಸರನ್ನೇ ಹೊತ್ತಿರುವ, ಅಳಿವಿನ ಅಂಚಿನಲ್ಲಿರುವ ಜೀವ. ಅಲ್ಲಿಗೆ ಫ್ಲಾಷು ಹಿಡಿದು ನುಗ್ಗುವುದು ಹವ್ಯಾಸವಲ್ಲ, ಅಪಚಾರ. ತೆಗೆಯದೆ ಬಿಟ್ಟ ಚಿತ್ರವೂ ಒಳ್ಳೆಯ ಛಾಯಾಗ್ರಾಹಕನ ಲೆಕ್ಕದಲ್ಲಿ ಸೇರುತ್ತದೆ.

ಅಂದು ತಂದೆಮಕ್ಕಳು ಊಟ ಮುಗಿಸಿ ಹೊರಟು ನಿಂತಾಗ ಮಿತ್ರರು ನನ್ನನ್ನು ಪಕ್ಕಕ್ಕೆ ಕರೆದು, "ಆ ಅಮ್ಮನ ಚಿತ್ರ ಕಾಗದಕ್ಕೆ ಹಾಕಿಸೋಕೆ ಎಷ್ಟಾಗುತ್ತೆ?" ಎಂದು ಮೆಲ್ಲನೆ ಕೇಳಿದರು. ಮಸುಕಾಗಿದೆಯಲ್ಲ ಎಂದೆ. "ಆಗಲಿ ಬಿಡಿ, ಅಮ್ಮ ಕೂತಿರೋ ರೀತಿ ಅದೇ" ಎಂದರು.

ಮಾಳಿಗೆ ರಿಪೇರಿಯಾಯಿತು. ಹುಡುಗ ಕಂತಿನ ವಿಚಾರ ಬಿಟ್ಟು, ಒಬ್ಬರು ಬಳಸಿದ್ದ ಕ್ಯಾಮೆರಾವನ್ನೂ 50 ಮಿಲಿಮೀಟರಿನ ಲೆನ್ಸನ್ನೂ ಕೈಯಲ್ಲಿದ್ದ ಹಣದಲ್ಲಿಯೇ ಕೊಂಡ. ಹಕ್ಕಿಯ ಲೆನ್ಸನ್ನು ಎರಡು ವರ್ಷದ ಮೇಲೆ ನೋಡೋಣ ಎಂದಿದ್ದಾನೆ. ಮೊನ್ನೆ ನನಗೊಂದು ಚಿತ್ರ ಕಳುಹಿಸಿದ್ದ: ಅಡಿಗೆಮನೆಯ ಮಬ್ಬು ಬೆಳಕಿನಲ್ಲಿ ಅವನ ತಾಯಿ ಮುದ್ದೆ ಕಟ್ಟುತ್ತಿದ್ದಾರೆ. ಕೈ ನಿಂತಿದೆ, ಕಣ್ಣು ಸ್ಪಷ್ಟವಾಗಿದೆ. ಆದರೆ ಹಿಂದಿನ ಗೋಡೆ ವಾಲಿದೆ. ಹಾಗೆಂದೇ ಬರೆದೆ.

ಮರುದಿನ ಬೆಳಿಗ್ಗೆ, ನೆಟ್ಟಗೆ ನಿಂತ ಗೋಡೆಯೊಡನೆ ಇನ್ನೊಂದು ಚಿತ್ರ ಬಂತು.